ಇಆರ್‌ಸಿಪಿಗೆ ಒಳಗೆ ಹೋಗೋ ಮುಂಚೆ ಕೇಳಲೇಬೇಕಾದ ಒಂದು ಔಷಧಿ

ಎಂಡೋಸ್ಕೋಪಿ ವಿಭಾಗದಲ್ಲಿ ಕೆಲಸ ಮಾಡೋದ್ರಿಂದ, ಪಿತ್ತನಾಳದ ಕಲ್ಲು ತೆಗೆಯೋಕೆ ಮಾಡೋ ಇಆರ್‌ಸಿಪಿ ಅಂದ ತಕ್ಷಣ ಜನ ಏನೇನು ಕೇಳ್ತಾರೆ ಅಂತ ನನಗೆ ಹೆಚ್ಚುಕಮ್ಮಿ ಬಾಯಿಪಾಠ ಆಗಿದೆ. ನೋವಾಗತ್ತಾ, ಎಷ್ಟೊತ್ತು ಹಿಡಿಯತ್ತೆ, ಕಲ್ಲು ಪೂರ್ತಿ ಬರತ್ತಾ, ಊಟ ಯಾವಾಗ. ಎಲ್ಲಾ ನ್ಯಾಯವಾದ ಪ್ರಶ್ನೆಗಳೇ. ಆದ್ರೆ ಇದಾದ್ಮೇಲೆ ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಮೇದೋಜೀರಕ ಗ್ರಂಥಿಯ ಉರಿಯೂತ, ಬರದ ಹಾಗೆ ಮುಂಚೇನೇ ಏನಾದ್ರೂ ಕೊಡ್ತೀರಾ ಅಂತ ಕೇಳೋರು ತೀರಾ ಅಪರೂಪ, ಯಾಕಂದ್ರೆ ಹಾಗೆ ಕೊಡೋಕೆ ಒಂದು ಔಷಧಿ ಇದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಇದೆ. ಹಳೇ ಔಷಧಿ, ಸಂಧಿ ನೋವಿಗೆ ಕೊಡ್ತಿದ್ದದ್ದು, ಗುದದ್ವಾರದಲ್ಲಿ ಇಡೋ ಸಪೋಸಿಟರಿ ರೂಪದಲ್ಲಿ ಕೊಡ್ತಾರೆ. ಹೆಸರು ಇಂಡೋಮೆಥಾಸಿನ್, ಅದಿಲ್ಲಾಂದ್ರೆ ಡೈಕ್ಲೋಫೆನಾಕ್. ಇದ್ರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ.

ಮೊದಲು ಇಆರ್‌ಸಿಪಿ ಬಗ್ಗೆ ಸ್ವಲ್ಪ. ಬಾಯಿಂದ ಟ್ಯೂಬ್ ಹಾಕಿ, ಹೊಟ್ಟೆ ದಾಟಿ, ಸಣ್ಣ ಕರುಳಿನ ಮೊದಲನೇ ಭಾಗ ಡ್ಯುವೋಡಿನಮ್‌ವರೆಗೂ ಹೋಗಿ, ಅಲ್ಲಿ ಪಿತ್ತನಾಳ ಬಂದು ತೆರ್ಕೊಳ್ಳೋ ಜಾಗದಲ್ಲಿ ಒಂದು ಸಣ್ಣ ತೂತಿನೊಳಗೆ ವೈರ್ ತೂರಿಸ್ತಾರೆ. ಆ ತೂತು ಇರೋ ಪುಟ್ಟ ಉಬ್ಬಿಗೆ ಪ್ಯಾಪಿಲ್ಲಾ ಅಂತಾರೆ. 1968ರಲ್ಲಿ ಎಂಡೋಸ್ಕೋಪ್ ಮೂಲಕ ಅಲ್ಲಿಗೆ ಟ್ಯೂಬ್ ತೂರಿಸಿದ್ದನ್ನ ಮೊದಲ ಸಲ ವರದಿ ಮಾಡಿದ್ರು, 1974ರಲ್ಲಿ ಜಪಾನ್ ಮತ್ತೆ ಜರ್ಮನಿಯ ವೈದ್ಯರು ಆ ಪ್ಯಾಪಿಲ್ಲಾದ ಬಾಯಿಯ ಸ್ನಾಯುವನ್ನ ಕರೆಂಟ್‌ನಿಂದ ಕೊಯ್ದು ಅಗಲ ಮಾಡೋದನ್ನ ತೋರಿಸಿದ್ರು, ಅಲ್ಲಿಂದ ಮುಂದೆ ಪಿತ್ತನಾಳದ ಕಲ್ಲಿಗೆ ಹೊಟ್ಟೆ ಕೊಯ್ಯೋ ಅಗತ್ಯಾನೇ ಬಹಳ ಮಟ್ಟಿಗೆ ತಪ್ಪಿತು. ಕಾಮಾಲೆ ಆಗಿ ಜ್ವರ ನಡುಕ ಬಂದು ಒದ್ದಾಡ್ತಿರೋರಿಗೆ ಇದು ಜೀವ ಉಳಿಸೋ ಚಿಕಿತ್ಸೆ, ಅದ್ರಲ್ಲಿ ಎರಡು ಮಾತಿಲ್ಲ.

ತೊಂದರೆ ಎಲ್ಲಿ ಅಂದ್ರೆ, ಆ ಪ್ಯಾಪಿಲ್ಲಾ ಹತ್ರ ಪಿತ್ತನಾಳ ಒಂದೇ ಬರಲ್ಲ, ಪ್ಯಾಂಕ್ರಿಯಾಸ್ ಅಂದ್ರೆ ಮೇದೋಜೀರಕ ಗ್ರಂಥಿಯ ನಾಳಾನೂ ಅಲ್ಲಿಗೇ ಬಂದು ಸೇರತ್ತೆ, ಒಂದು ಮನೆಗೆ ಎರಡು ಓಣಿಯಿಂದ ಬಂದು ಒಂದೇ ಬಾಗಿಲಿಗೆ ಸೇರಿದ ಹಾಗೆ. ನಮಗೆ ಬೇಕಿರೋದು ಪಿತ್ತನಾಳ, ಆದ್ರೆ ವೈರ್ ಕೆಲವು ಸಲ ಪ್ಯಾಂಕ್ರಿಯಾಸ್ ಕಡೆ ಹೋಗತ್ತೆ, ಒಂದ್ಸಲ ಅಲ್ಲ ನಾಲ್ಕೈದು ಸಲ ಹೋಗಬಹುದು, ಎಕ್ಸ್‌ರೇಲಿ ಕಾಣಲಿ ಅಂತ ಹಾಕೋ ಡೈ ಆ ಕಡೆ ನುಗ್ಗಿ ಒತ್ತಡ ಆಗಬಹುದು, ಕೊಯ್ಯೋವಾಗ ಕರೆಂಟಿನ ಬಿಸಿ ತಾಗಬಹುದು, ಪದೇ ಪದೇ ತಿವಿದು ತಿವಿದು ಪ್ಯಾಪಿಲ್ಲಾನೇ ಊದ್ಕೊಂಡು ಪ್ಯಾಂಕ್ರಿಯಾಸ್ ರಸ ಹೊರಗೆ ಬರೋ ದಾರಿ ಮುಚ್ಚಿ ಹೋಗಬಹುದು. ಪ್ಯಾಂಕ್ರಿಯಾಸ್ ಮಾಡೋ ಕಿಣ್ವಗಳು ಕರುಳಿಗೆ ಬಂದ್ಮೇಲೆ ಎಚ್ಚರ ಆಗ್ಬೇಕಾದವು, ಈ ಪೆಟ್ಟಿಗೆ ಗ್ರಂಥಿಯ ಜೀವಕೋಶದೊಳಗೇ ಎಚ್ಚರ ಆಗಿಬಿಡತ್ವೆ, ಟ್ರಿಪ್ಸಿನೋಜನ್ ಅನ್ನೋದು ಒಳಗೇ ಟ್ರಿಪ್ಸಿನ್ ಆಗಿ ಮಿಕ್ಕಿದ ಕಿಣ್ವಗಳನ್ನೂ ಎಬ್ಬಿಸತ್ತೆ, ಗ್ರಂಥಿ ತನ್ನನ್ನ ತಾನೇ ಜೀರ್ಣ ಮಾಡ್ಕೊಳ್ಳೋಕೆ ಶುರು ಮಾಡತ್ತೆ. ಅದರ ಹಿಂದೇನೇ ಉರಿಯೂತದ ಅಲೆ ಬರತ್ತೆ, ರಕ್ತದಲ್ಲಿರೋ ಬಿಳಿಕಣಗಳು ಅಲ್ಲಿಗೆ ಮುತ್ತಿಗೆ ಹಾಕ್ತವೆ. ಇದೆಲ್ಲಾ ನಿಮಿಷ, ಗಂಟೆಗಳ ಲೆಕ್ಕದಲ್ಲಿ ನಡೆಯೋ ಕೆಲಸ. ಈ ವೇಗಾನೇ ಯಾವ ಔಷಧಿ ಕೆಲಸ ಮಾಡತ್ತೆ ಯಾವುದು ಮಾಡಲ್ಲ ಅನ್ನೋದನ್ನ ಬಹಳ ಮಟ್ಟಿಗೆ ನಿರ್ಧರಿಸತ್ತೆ.

ಎಷ್ಟು ಜನಕ್ಕೆ ಆಗತ್ತೆ? 108 ಪ್ರಯೋಗಗಳಲ್ಲಿ ಔಷಧಿನೂ ಸ್ಟೆಂಟೂ (ಪ್ಯಾಂಕ್ರಿಯಾಸ್ ನಾಳದಲ್ಲಿ ಇಡೋ ಪುಟ್ಟ ಕೊಳವೆ) ಸಿಗದ ಗುಂಪಿನವರನ್ನೆಲ್ಲಾ ಸೇರಿಸಿ, 13,000ಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ 2015ರಲ್ಲಿ ಪ್ರಕಟ ಮಾಡಿದಾಗ ಬಂದದ್ದು 9.7%, ಅಪಾಯ ಜಾಸ್ತಿ ಇರೋರಲ್ಲಿ 14.7%. ಹೆಚ್ಚಿನವರಿಗೆ ಸೌಮ್ಯವಾಗಿ ಬಂದು ಎರಡು ಮೂರು ದಿನದ ಆಸ್ಪತ್ರೆ ವಾಸದಲ್ಲಿ ಮುಗಿಯತ್ತೆ. ಆದ್ರೆ ಕೆಲವರಿಗೆ ಹಾಗಾಗಲ್ಲ. ಐಸಿಯು, ಗ್ರಂಥಿಯ ಭಾಗ ಸತ್ತು ಕೊಳೆಯೋದು, ಕೀವು, ವಾರಗಟ್ಟಲೆ ಆಸ್ಪತ್ರೆ, ಅಪರೂಪಕ್ಕೆ ಸಾವು. ಕಲ್ಲು ತೆಗೆಸ್ಕೊಳ್ಳೋಕೆ ನಡ್ಕೊಂಡು ಬಂದವರು ಅವರು. ಬರೋವಾಗ ಇಲ್ಲದ ಕಾಯಿಲೆ ನಾವು ಮಾಡಿದ ಚಿಕಿತ್ಸೆಯಿಂದ ಬಂದದ್ದು ಅನ್ನೋದೇ ಇದನ್ನ ಬೇರೆ ತರ ಮಾಡೋದು, ಅದಕ್ಕೇ ಇದನ್ನ ತಡೆಯೋದು ನಮ್ಮ ಮೇಲಿರೋ ಸಾಲ ಅಂತ ನಾನು ತಿಳ್ಕೊಂಡಿದೀನಿ.

ಯಾರಿಗೆ ಜಾಸ್ತಿ ಅನ್ನೋದು ಸುಮಾರಾಗಿ ಗೊತ್ತಿದೆ. ಹಿಂದೆ ಒಂದ್ಸಲ ಇಆರ್‌ಸಿಪಿ ಆದ್ಮೇಲೆ ಪ್ಯಾಂಕ್ರಿಯಾಟೈಟಿಸ್ ಆದವರು, ಹೆಂಗಸರು, ವಯಸ್ಸು ಕಮ್ಮಿ ಇರೋರು, ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರೋ ಅಂಶ) ನಾರ್ಮಲ್ ಇರೋರು, ಪ್ಯಾಪಿಲ್ಲಾದ ಸ್ನಾಯು ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಅನುಮಾನದ ಮೇಲೆ ಬಂದವರು. ಇನ್ನು ಒಳಗೆ ಹೋದ್ಮೇಲೆ ಗೊತ್ತಾಗೋವು ಬೇರೆ, ಪಿತ್ತನಾಳಕ್ಕೆ ವೈರ್ ಹಾಕೋಕೆ ಕಷ್ಟ ಆಗೋದು, ಪ್ಯಾಂಕ್ರಿಯಾಸ್ ನಾಳಕ್ಕೆ ಡೈ ಹೋಗೋದು, ಕೊಯ್ಯದೇನೇ ಬಲೂನ್‌ನಿಂದ ಪ್ಯಾಪಿಲ್ಲಾದ ಬಾಯಿ ಹಿಗ್ಗಿಸೋದು. ವಿಚಿತ್ರ ಅನ್ನಿಸಬಹುದು, ಕಾಯಿಲೆ ಜೋರಾಗಿ ಇರೋರಿಗಿಂತ ಆರೋಗ್ಯವಾಗಿ ಕಾಣೋ ಚಿಕ್ಕ ವಯಸ್ಸಿನ ಹೆಣ್ಣುಮಗಳಿಗೇ ಅಪಾಯ ಜಾಸ್ತಿ, ಯಾಕಂದ್ರೆ ಆಕೆಯ ಪ್ಯಾಂಕ್ರಿಯಾಸ್ ಗಟ್ಟಿಮುಟ್ಟಾಗಿ ಕಿಣ್ವ ತಯಾರು ಮಾಡ್ತಿರತ್ತೆ. ಹಳೇ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಆಗಿ ಗ್ರಂಥಿ ಒಣಗಿ ಹೋದವರಿಗೆ ಈ ತೊಂದರೆ ಕಮ್ಮಿ.

ಈಗ ಔಷಧಿ ವಿಷಯ. ಇದನ್ನ ತಡೆಯೋಕೆ ಅಂತ ಪ್ರಯೋಗ ಮಾಡದೇ ಇರೋ ಔಷಧಿ ಇಲ್ಲ ಅನ್ನಬಹುದೇನೋ, ಅಷ್ಟು ಪ್ರಯತ್ನ ಆಗಿದೆ. ಕಿಣ್ವಗಳು ಒಳಗೇ ಎಚ್ಚರ ಆಗೋದೇ ಮೂಲ ಅಂದ್ರೆ ಅವನ್ನ ತಡೆಯೋ ಔಷಧಿ ಕೊಟ್ರೆ ಆಯ್ತಲ್ಲ ಅನ್ನೋದು ಸಹಜವಾದ ಯೋಚನೆ, ಅದೇ ಲೆಕ್ಕದಲ್ಲಿ ಗ್ಯಾಬೆಕ್ಸೇಟ್ ಬಂತು, 1996ರಲ್ಲಿ ಇಟಲಿಯವರ ಪ್ರಯೋಗದಲ್ಲಿ 418 ಜನರಲ್ಲಿ ಔಷಧಿ ಸಿಕ್ಕವರಿಗೆ 2.4%, ಸಿಗದವರಿಗೆ 7.6%. ನೋಡೋಕೆ ಅದ್ಭುತವಾದ ಫಲಿತಾಂಶ, ಆದ್ರೆ ಹನ್ನೆರಡು ಗಂಟೆ ಡ್ರಿಪ್‌ನಲ್ಲಿ ಹಾಕ್ಬೇಕು, ಮುಂದೆ ಬಂದ ಪ್ರಯೋಗಗಳಲ್ಲಿ ಆ ಲಾಭ ಕಾಣಲೇ ಇಲ್ಲ. ಅದೇ ಜಾತಿಯ ನಾಫಾಮೋಸ್ಟಾಟ್ ಕೊರಿಯಾದಲ್ಲಿ ಕೆಲಸ ಮಾಡ್ತು, 2009ರಲ್ಲಿ ಬಂದ ಆ ಪ್ರಯೋಗದಲ್ಲಿ 7.4% ಇದ್ದದ್ದು 3.3%ಗೆ ಇಳೀತು, ಆದ್ರೆ ಯಾರಿಗೆ ನಿಜವಾಗ್ಲೂ ಬೇಕೋ ಆ ಹೆಚ್ಚು ಅಪಾಯದವರಲ್ಲಿ ಲಾಭ ಸಿಗಲಿಲ್ಲ. ಪ್ಯಾಂಕ್ರಿಯಾಸ್ ರಸಾನೇ ಕಮ್ಮಿ ಮಾಡೋಣ ಅಂತ ಸೊಮಾಟೋಸ್ಟಾಟಿನ್, ಆಕ್ಟ್ರಿಯೋಟೈಡ್ ಕೊಟ್ಟು ನೋಡಿದ್ರು, ಒಂದು ಪ್ರಯೋಗ ಹೌದು ಅಂದ್ರೆ ಇನ್ನೊಂದು ಇಲ್ಲ ಅಂತು. ಸ್ಟೆರಾಯ್ಡ್ ಕೊಟ್ರು, ಕೆಲಸ ಮಾಡ್ಲಿಲ್ಲ. ಅಲೋಪ್ಯೂರಿನಾಲ್, ಎನ್-ಅಸಿಟೈಲ್ ಸಿಸ್ಟೀನ್ ತರದ ಆಂಟಿ ಆಕ್ಸಿಡೆಂಟ್‌ಗಳನ್ನ ಕೊಟ್ರು, ಮೊದಮೊದಲು ಆಸೆ ಹುಟ್ಟಿಸಿ ಆಮೇಲೆ ಕೈಕೊಟ್ವು. ಇಂಟರ್‌ಲ್ಯೂಕಿನ್-10 ಅಂತ ಉರಿಯೂತ ಇಳಿಸೋ ಪ್ರೋಟೀನ್ 2001ರ ಸಣ್ಣ ಪ್ರಯೋಗದಲ್ಲಿ ಗೆದ್ದು ಆಮೇಲಿನ ದೊಡ್ಡ ಪ್ರಯೋಗದಲ್ಲಿ ಸೋಲ್ತು.

ಈ ಸೋಲುಗಳ ಪಟ್ಟಿ ಯಾಕೆ ಹೇಳ್ದೆ ಅಂದ್ರೆ, ಸಣ್ಣ ಪ್ರಯೋಗ ಗೆದ್ದಿದೆ ಅಂತ ಕುಣಿದಾಡೋ ಹಾಗಿಲ್ಲ ಅನ್ನೋ ಎಚ್ಚರ ಈ ವಿಷಯದಲ್ಲಿ ಇರಲೇಬೇಕು. ಹತ್ತರಲ್ಲಿ ಒಬ್ಬರಿಗೆ ಆಗೋ ತೊಂದರೆ, ಅದನ್ನ ಅರ್ಧ ಮಾಡಿದೆ ಅಂತ ಗಟ್ಟಿಯಾಗಿ ತೋರಿಸ್ಬೇಕಂದ್ರೆ ನೂರು ಇನ್ನೂರು ಜನ ಸಾಕಾಗಲ್ಲ, ಒಂದು ಗುಂಪಲ್ಲಿ ನಾಲ್ಕೈದು ಕೇಸ್ ಆಚೀಚೆ ಆದ್ರೆ ಸಾಕು ಫಲಿತಾಂಶ ತಿರುವುಮುರುವು ಆಗೋಕೆ.

ಇಂಡೋಮೆಥಾಸಿನ್ ಗಟ್ಟಿಯಾಗಿ ನಿಂತಿದ್ದು ಈ ಜರಡಿಯಲ್ಲಿ ಸೋಸಿದ ಮೇಲೇನೇ. 1960ರ ದಶಕದ ಔಷಧಿ ಅದು. ಪ್ಯಾಂಕ್ರಿಯಾಟೈಟಿಸ್‌ನ ಶುರುವಾತಿನಲ್ಲಿ ಫಾಸ್ಫೋಲೈಪೇಸ್ ಎ2 ಅನ್ನೋ ಕಿಣ್ವ ಉರಿಯೂತದ ಸರಪಳಿಯನ್ನ ಎಬ್ಬಿಸತ್ತೆ, ಪ್ರಯೋಗಾಲಯದಲ್ಲಿ ನೋಡಿದಾಗ ಇಂಡೋಮೆಥಾಸಿನ್ ಅದನ್ನ ಜೋರಾಗಿ ತಡೆಯತ್ತೆ, ಜೊತೆಗೆ ಉರಿಯೂತ ಹೆಚ್ಚಿಸೋ ಪ್ರೊಸ್ಟಾಗ್ಲಾಂಡಿನ್ ತಯಾರಿನೂ ನಿಲ್ಸತ್ತೆ, ಬಿಳಿಕಣಗಳು ರಕ್ತನಾಳದ ಗೋಡೆಗೆ ಅಂಟ್ಕೊಳ್ಳೋದನ್ನೂ ಕಮ್ಮಿ ಮಾಡತ್ತೆ. 2003ರಲ್ಲಿ ಗ್ಲಾಸ್ಗೋದಲ್ಲಿ 220 ಜನರ ಮೇಲೆ ಡೈಕ್ಲೋಫೆನಾಕ್ 100 ಮಿಲಿಗ್ರಾಂ ಸಪೋಸಿಟರಿ ಕೊಟ್ಟು ನೋಡಿದ್ರು, 15.5% ಇದ್ದದ್ದು 6.4% ಆಯ್ತು. ಸಣ್ಣ ಪ್ರಯೋಗ ಅಂತ ಬಹಳ ಜನ ತಲೆ ಕೆಡಿಸ್ಕೊಳ್ಲಿಲ್ಲ, ಮೇಲೆ ಹೇಳಿದ ಇತಿಹಾಸ ಗೊತ್ತಿದ್ದವರು ನಂಬದೇ ಇದ್ದದ್ದು ತಪ್ಪೂ ಅಲ್ಲ.

2012ರಲ್ಲಿ ಅಮೆರಿಕದಿಂದ ಬಂದ ಪ್ರಯೋಗ ವಾತಾವರಣಾನೇ ಬದಲಾಯಿಸ್ತು. ಹೆಚ್ಚು ಅಪಾಯ ಇರೋ 602 ಜನ, ಅರ್ಧ ಜನಕ್ಕೆ ಇಆರ್‌ಸಿಪಿ ಮುಗಿದ ತಕ್ಷಣ 50 ಮಿಲಿಗ್ರಾಂನ ಎರಡು ಇಂಡೋಮೆಥಾಸಿನ್ ಸಪೋಸಿಟರಿ, ಇನ್ನರ್ಧ ಜನಕ್ಕೆ ಅದೇ ತರ ಕಾಣೋ ಔಷಧಿ ಇಲ್ಲದ್ದು. ಸಿಗದವರಲ್ಲಿ 16.9%, ಸಿಕ್ಕವರಲ್ಲಿ 9.2%. ಇನ್ನೂ ಮುಖ್ಯವಾಗಿ ಮಧ್ಯಮ ಮತ್ತು ತೀವ್ರ ತರದ ಪ್ಯಾಂಕ್ರಿಯಾಟೈಟಿಸ್ 8.8%ಯಿಂದ 4.4%ಗೆ ಇಳೀತು, ಅಂದ್ರೆ ಬರೀ ಸೌಮ್ಯ ಕೇಸ್ ತಡೆದದ್ದಲ್ಲ, ಜನರನ್ನ ಐಸಿಯುಗೆ ಕಳಿಸೋ ತರದ್ದನ್ನೂ ತಡೀತು. ಮಧ್ಯದ ಲೆಕ್ಕಾಚಾರದಲ್ಲೇ ಲಾಭ ಸ್ಪಷ್ಟವಾಗಿ ಕಂಡಿದ್ರಿಂದ ಅಂದ್ಕೊಂಡಷ್ಟು ಜನ ಸೇರೋ ಮುಂಚೆನೇ ಪ್ರಯೋಗ ನಿಲ್ಸಿದ್ರು. ಹದಿಮೂರು ಜನಕ್ಕೆ ಕೊಟ್ರೆ ಒಬ್ಬರಿಗೆ ಪ್ಯಾಂಕ್ರಿಯಾಟೈಟಿಸ್ ತಪ್ಪತ್ತೆ ಅನ್ನೋದು ಅದ್ರ ಲೆಕ್ಕ. ಎರಡು ಸಪೋಸಿಟರಿಗೆ ಇಷ್ಟು ಕೆಲಸ ಅಂದ್ರೆ ವೈದ್ಯಶಾಸ್ತ್ರದಲ್ಲಿ ದಿನಾ ಸಿಗೋ ಲಾಭ ಅಲ್ಲ ಇದು.

ಆದ್ರೆ ಒಂದು ಪ್ರಶ್ನೆ ಉಳೀತು, ಮುಗಿದ ಮೇಲೆ ಕೊಡೋದಾ ಮುಂಚೆ ಕೊಡೋದಾ, ಅಪಾಯ ಇರೋರಿಗೆ ಮಾತ್ರಾನಾ ಎಲ್ಲರಿಗೂನಾ? ಮುಗಿದ ಮೇಲೆ ಕೊಡೋದ್ರಲ್ಲಿ ಒಂದು ಅನುಕೂಲ ಇದೆ, ವೈರ್ ಹಾಕೋಕೆ ಕಷ್ಟ ಆಯ್ತಾ ಇಲ್ವಾ ಅನ್ನೋದು ಅಷ್ಟೊತ್ತಿಗೆ ಗೊತ್ತಿರತ್ತೆ, ಬೇಕಾದವರಿಗೆ ಮಾತ್ರ ಕೊಡಬಹುದು. ಆದ್ರೆ ಸಪೋಸಿಟರಿ ಇಟ್ಟ ಮೇಲೆ ರಕ್ತದಲ್ಲಿ ಔಷಧಿ ಗರಿಷ್ಠ ಮಟ್ಟಕ್ಕೆ ಬರೋಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು, ಪೆಟ್ಟು ಬಿದ್ದಾಗಿದೆ, ಕಿಣ್ವ ಎಚ್ಚರ ಆಗಿದೆ, ಉರಿಯೂತ ಹೊರಟಾಗಿದೆ, ಆಗ ಔಷಧಿ ಹಿಂದಿನಿಂದ ಓಡಿ ಬರೋ ಪರಿಸ್ಥಿತಿ. ಚೀನಾದ ಆರು ಆಸ್ಪತ್ರೆಗಳು ಸೇರಿ 2,600 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ರು. ಒಂದು ಗುಂಪಲ್ಲಿ ಎಲ್ಲರಿಗೂ ಇಆರ್‌ಸಿಪಿಗೆ ಮುಂಚೆ ಅರ್ಧ ಗಂಟೆಯೊಳಗೆ ಇಂಡೋಮೆಥಾಸಿನ್, ಇನ್ನೊಂದು ಗುಂಪಲ್ಲಿ ಅಪಾಯ ಜಾಸ್ತಿ ಅನ್ನಿಸಿದವರಿಗೆ ಮಾತ್ರ, ಅದೂ ಮುಗಿದ ಮೇಲೆ. ಮೊದಲನೇ ಗುಂಪಲ್ಲಿ 1,297 ಜನರಲ್ಲಿ 47, ಎರಡನೇ ಗುಂಪಲ್ಲಿ 1,303 ಜನರಲ್ಲಿ 100. ಅರ್ಧಕ್ಕರ್ಧ.

ಈ ಅಂಕಿಯೊಳಗೆ ಇನ್ನೊಂದು ವಿಷಯ ಇದೆ, ನನಗೆ ಅದೇ ಹೆಚ್ಚು ಮುಖ್ಯ ಅನ್ಸೋದು. ಹೆಚ್ಚು ಅಪಾಯದವರನ್ನ ಮಾತ್ರ ತಗೊಂಡು ನೋಡಿದ್ರೆ, ಎರಡೂ ಗುಂಪಲ್ಲಿ ಅವರಿಗೆ ಔಷಧಿ ಸಿಕ್ಕಿದೆ, ವ್ಯತ್ಯಾಸ ಇರೋದು ಮುಂಚೆನಾ ಆಮೇಲಾ ಅನ್ನೋದು ಅಷ್ಟೇ. ಮುಂಚೆ ಸಿಕ್ಕವರಲ್ಲಿ 6%, ಆಮೇಲೆ ಸಿಕ್ಕವರಲ್ಲಿ 12%. ಅದೇ ಔಷಧಿ, ಅದೇ ಪ್ರಮಾಣ, ಸಮಯ ಮಾತ್ರ ಬೇರೆ. ಸಾಧಾರಣ ಅಪಾಯದವರಲ್ಲೂ 6% ಇದ್ದದ್ದು 3% ಆಯ್ತು, ಅಂದ್ರೆ ಇವರಿಗೇನು ಆಗಲ್ಲ ಬಿಡಿ ಅಂತ ನಾವು ಬಿಡ್ತಿದ್ದವರಿಗೂ ಉಪಯೋಗ ಆಯ್ತು. ಯೂರೋಪಿನ ಎಂಡೋಸ್ಕೋಪಿ ಸಂಘ ಇಎಸ್‌ಜಿಇ ತನ್ನ 2020ರ ಮಾರ್ಗಸೂಚಿಯಲ್ಲಿ ಹೇಳೋದೂ ಇದನ್ನೇ, ಕೊಡಬಾರದ ಕಾರಣ ಇಲ್ಲದಿದ್ರೆ ಪ್ರತಿಯೊಬ್ಬರಿಗೂ ಇಆರ್‌ಸಿಪಿಗೆ ಸ್ವಲ್ಪ ಮುಂಚೆ 100 ಮಿಲಿಗ್ರಾಂ ಇಂಡೋಮೆಥಾಸಿನ್ ಅಥವಾ ಡೈಕ್ಲೋಫೆನಾಕ್ ಗುದದ್ವಾರದ ಮೂಲಕ ಕೊಡಿ ಅಂತ.

ಎದುರು ಮಾತೂ ಇದೆ, ಅದನ್ನ ಮುಚ್ಚಿಟ್ರೆ ಮೋಸ ಆಗತ್ತೆ. ಅದೇ 2016ರಲ್ಲಿ ಅಮೆರಿಕದ ಒಂದೇ ಆಸ್ಪತ್ರೆಯಲ್ಲಿ, ಅಪಾಯ ಜಾಸ್ತಿ ಕಮ್ಮಿ ಅಂತ ಆರಿಸದೆ ಬಂದ ಬಂದ 449 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಇಂಡೋಮೆಥಾಸಿನ್‌ನಿಂದ ಲಾಭ ಕಾಣಲಿಲ್ಲ, ಸಿಕ್ಕವರಲ್ಲಿ 7.2%, ಸಿಗದವರಲ್ಲಿ 4.9%, ಮುಂದುವರೆಸಿದ್ರೂ ಪ್ರಯೋಜನ ಇಲ್ಲ ಅಂತ ಮಧ್ಯದಲ್ಲೇ ನಿಲ್ಸಿದ್ರು. ಅದರಲ್ಲಿ ಔಷಧಿ ಕೊಟ್ಟಿದ್ದು ಮುಂಚೆ ಅಲ್ಲ, ಜನಾನೂ ಕಮ್ಮಿ. ಈ ಪ್ರಯೋಗ ಹಿಡ್ಕೊಂಡು ಸಾಧಾರಣ ಅಪಾಯದವರಿಗೆ ಬೇಡ ಅನ್ನೋರು ಇದ್ದಾರೆ. ನನ್ನ ಅಭಿಪ್ರಾಯ ಸ್ಪಷ್ಟ ಇದೆ, ಎಲ್ಲಾ ಪ್ರಯೋಗಗಳನ್ನ ಒಟ್ಟಿಗೆ ತೂಗಿದ್ರೆ ತಕ್ಕಡಿ ಕೊಡೋ ಕಡೆಗೇ ವಾಲತ್ತೆ, ಒಂದೇ ಡೋಸ್‌ನಿಂದ ಆಗೋ ಹಾನಿ ತೀರಾ ಕಮ್ಮಿ, ಮತ್ತೆ ಯಾರಿಗೆ ವೈರ್ ಕಷ್ಟ ಆಗತ್ತೆ ಅಂತ ಟೇಬಲ್ ಮೇಲೆ ಮಲಗಿಸೋ ಮುಂಚೆ ಯಾರೂ ಹೇಳೋಕಾಗಲ್ಲ. ಅಪಾಯ ನೋಡಿ ಕೊಡೋಣ ಅಂತ ಕಾಯೋದು ಅಂದ್ರೆ ತಡವಾಗಿ ಕೊಡೋದು ಅಂತಾನೇ.

ಬಾಯಲ್ಲಿ ಮಾತ್ರೆ ತಗೊಂಡ್ರೆ ಆಗಲ್ವಾ ಅಂತ ಕೇಳ್ತಾರೆ, ಸಂಕೋಚ ಇರೋದು ಸಹಜ. ಡೈಕ್ಲೋಫೆನಾಕ್ ಮಾತ್ರೆ ನುಂಗಿಸಿ ಮಾಡಿದ ಪ್ರಯೋಗ ಇದೆ, 2007ರದ್ದು, ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ 16% ಬಂತು, ಅಂದ್ರೆ ಏನೂ ಉಪಯೋಗ ಆಗ್ಲಿಲ್ಲ. ಇಂಜೆಕ್ಷನ್ ರೂಪದಲ್ಲಿ ಕೊಟ್ಟದ್ದಕ್ಕೂ ಇಷ್ಟು ಗಟ್ಟಿ ಸಾಕ್ಷಿ ಇಲ್ಲ. ಗುದದ್ವಾರದಿಂದ ಹೀರ್ಕೊಳ್ಳೋ ಔಷಧಿಯಲ್ಲಿ ದೊಡ್ಡ ಪಾಲು ಲಿವರ್‌ಗೆ ಹೋಗಿ ಕರಗೋ ಮುಂಚೆನೇ ರಕ್ತಕ್ಕೆ ಸೇರತ್ತೆ, ಬೇಗನೂ ಸೇರತ್ತೆ. ಹಾಗಾಗಿ ಸಂಕೋಚ ಪಟ್ಕೊಂಡು ಮಾತ್ರೆನೇ ಸಾಕು ಅನ್ನಬೇಡಿ, ನರ್ಸ್ ಒಂದು ನಿಮಿಷದಲ್ಲಿ ಇಟ್ಟು ಮುಗಿಸ್ತಾರೆ, ಬೇಕಿದ್ರೆ ನೀವೇ ಇಟ್ಕೊಳ್ಳಬಹುದು.

ಡೋಸ್ ಜಾಸ್ತಿ ಮಾಡಿದ್ರೆ ಇನ್ನೂ ಒಳ್ಳೇದಾ? ಇಲ್ಲ. ಹೆಚ್ಚು ಅಪಾಯದ 1,037 ಜನರಲ್ಲಿ 100 ಮಿಲಿಗ್ರಾಂ ಮತ್ತೆ 200 ಮಿಲಿಗ್ರಾಂ ಹೋಲಿಸಿ ನೋಡಿದ್ದಾರೆ, 15% ಮತ್ತೆ 12%, ಆ ವ್ಯತ್ಯಾಸ ಆಕಸ್ಮಿಕ ಅಲ್ಲ ಅನ್ನೋಕೆ ಸಾಲಲ್ಲ. 100 ಸಾಕು.

ಯಾರಿಗೆ ಕೊಡಬಾರದು ಅನ್ನೋದು ಮುಖ್ಯ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಈ ಜಾತಿಯ ನೋವಿನ ಮಾತ್ರೆಗೆ ಅಲರ್ಜಿ ಇರೋರು, ಅಂದ್ರೆ ಬ್ರುಫೆನ್ ಆಗ್ಲಿ ಡೈಕ್ಲೋಫೆನಾಕ್ ಆಗ್ಲಿ ಆಸ್ಪಿರಿನ್ ಆಗ್ಲಿ ತಗೊಂಡಾಗ ಮೈಯೆಲ್ಲಾ ದದ್ದು, ಮುಖ ಊದೋದು, ಉಬ್ಬಸ ಬಂದಿರೋರು, ಗರ್ಭಿಣಿಯರು ಅದ್ರಲ್ಲೂ ಕೊನೆಯ ತಿಂಗಳುಗಳಲ್ಲಿರೋರು, ಕಿಡ್ನಿ ವೈಫಲ್ಯ ಇರೋರು, ಸದ್ಯಕ್ಕೆ ಹೊಟ್ಟೆ ಹುಣ್ಣಿಂದ ರಕ್ತ ಹೋಗ್ತಿರೋರು, ಇವರೆಲ್ಲಾ ಮುಂಚೆನೇ ಹೇಳ್ಬೇಕು. ಪ್ಯಾಪಿಲ್ಲಾ ಕೊಯ್ದ ಜಾಗದಲ್ಲಿ ರಕ್ತ ಜಾಸ್ತಿ ಸೋರತ್ತೇನೋ ಅನ್ನೋ ಭಯ ವೈದ್ಯರಿಗೂ ಇತ್ತು, ಆದ್ರೆ ಆ 2,600 ಜನರ ಪ್ರಯೋಗದಲ್ಲಿ ರಕ್ತಸ್ರಾವ ಎರಡೂ ಗುಂಪಲ್ಲಿ ಸುಮಾರು 1%, ವ್ಯತ್ಯಾಸ ಇಲ್ಲ. ಮನೆಯಲ್ಲಿ ಹಿರಿಯರಿಗೆ ಇಆರ್‌ಸಿಪಿ ಆಗೋದಿದ್ರೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟ್ ಜೊತೆಗಿಟ್ಕೊಂಡು ಹೋಗಿ, ಅಪ್ಪಂಗೆ ಯಾವ ಮಾತ್ರೆ ಒಗ್ಗಲ್ಲ ಅನ್ನೋದು ಅವರಿಗಿಂತ ಚೆನ್ನಾಗಿ ನಿಮಗೆ ನೆನಪಿರಬಹುದು.

ಈ ಔಷಧಿ ಒಗ್ಗದವರಿಗೆ ದಾರಿ ಇಲ್ಲ ಅಂತೇನಿಲ್ಲ. ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಧಾರಾಳವಾಗಿ ಹಾಕೋದು ಒಂದು. ಗ್ರಂಥಿಯ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಹರಿವು ನಿಲ್ಲದ ಹಾಗೆ ನೋಡ್ಕೊಳ್ಳೋದು, ಆಮ್ಲೀಯತೆ ಏರದ ಹಾಗೆ ನೋಡ್ಕೊಳ್ಳೋದು ಇದ್ರ ಹಿಂದಿನ ಲೆಕ್ಕ. ಚಿಕಿತ್ಸೆ ನಡೆಯೋವಾಗ ಗಂಟೆಗೆ ಕೆಜಿಗೆ 3 ಎಂಎಲ್, ಮುಗಿದ ತಕ್ಷಣ ಕೆಜಿಗೆ 20 ಎಂಎಲ್ ಒಟ್ಟಿಗೆ, ಆಮೇಲೆ ಎಂಟು ಗಂಟೆ ಮತ್ತೆ ಗಂಟೆಗೆ ಕೆಜಿಗೆ 3 ಎಂಎಲ್. 60 ಕೆಜಿ ಇರೋರಿಗೆ ಆ ಒಂದು ಬೋಲಸ್ಸೇ 1,200 ಎಂಎಲ್, ಹಾಗಾಗಿ ಹಾರ್ಟ್ ವೀಕ್ ಇರೋರಿಗೆ, ಕಿಡ್ನಿ ತೊಂದರೆ ಇರೋರಿಗೆ ಇದು ಆಗಲ್ಲ, ಶ್ವಾಸಕೋಶದಲ್ಲಿ ನೀರು ತುಂಬತ್ತೆ. ಹಾಗಾದ್ರೆ ಸಪೋಸಿಟರಿ ಜೊತೆಗೆ ಇದನ್ನೂ ಹಾಕಿದ್ರೆ ಡಬಲ್ ಲಾಭ ಅಲ್ವಾ ಅಂದ್ರೆ, ನೆದರ್‌ಲ್ಯಾಂಡ್ಸ್‌ನವರು 2021ರಲ್ಲಿ 800ಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ ಉತ್ತರ ಕೊಟ್ಟಿದ್ದಾರೆ, ಎರಡೂ ಸಿಕ್ಕವರಲ್ಲಿ 8%, ಸಪೋಸಿಟರಿ ಒಂದೇ ಸಿಕ್ಕವರಲ್ಲಿ 9%. ಸಪೋಸಿಟರಿ ಕೊಟ್ಟಿದ್ರೆ ಮೇಲಿಂದ ಇಷ್ಟೊಂದು ನೀರು ತುಂಬಿಸಿ ಸಿಗೋದೇನಿಲ್ಲ.

ಇನ್ನು ನಾಲಿಗೆ ಕೆಳಗೆ ಇಡೋ ನೈಟ್ರೇಟ್ ಮಾತ್ರೆ, ಪ್ಯಾಪಿಲ್ಲಾದ ಸ್ನಾಯು ಸಡಿಲ ಮಾಡತ್ತೆ ಅನ್ನೋ ಲೆಕ್ಕದಲ್ಲಿ. ಜಪಾನ್‌ನಲ್ಲಿ 886 ಜನರ ಮೇಲೆ ಡೈಕ್ಲೋಫೆನಾಕ್ ಸಪೋಸಿಟರಿ ಜೊತೆ ಐಸೋಸೋರ್ಬೈಡ್ ಕೊಟ್ಟಾಗ 9.5% ಇದ್ದದ್ದು 5.6% ಆಯ್ತು, ಸಪೋಸಿಟರಿ ಮೇಲೆ ಹೆಚ್ಚುವರಿ ಲಾಭ ತೋರಿಸಿದ ಕೆಲವೇ ಪ್ರಯೋಗಗಳಲ್ಲಿ ಇದೊಂದು, ಬಿಪಿ ಇಳಿಯೋದು ತಲೆನೋವು ಬರೋದು ಇದ್ದದ್ದೇ. ಪ್ಯಾಪಿಲ್ಲಾ ಮೇಲೆ ಎಪಿನೆಫ್ರಿನ್ ಸಿಂಪಡಿಸೋದನ್ನೂ ನೋಡಿದ್ರು, ಊತ ಇಳಿಯಲಿ ಅಂತ, ಚೀನಾದ ಪ್ರಯೋಗದಲ್ಲಿ ಸಿಂಪಡಿಸಿದ ಗುಂಪಿನವರಿಗೇ ಪ್ಯಾಂಕ್ರಿಯಾಟೈಟಿಸ್ ಜಾಸ್ತಿ ಆಯ್ತು, 8.5% ಮತ್ತೆ 5.3%, ಅದನ್ನ ಬಿಟ್ಟುಬಿಡೋದೇ ಸರಿ.

ಔಷಧಿ ಇದೆಯಲ್ಲ, ಇನ್ನು ಸ್ಟೆಂಟ್ ಯಾಕೆ ಅನ್ನೋ ಯೋಚನೆ ಕೆಲವು ವರ್ಷ ಜೋರಾಗಿತ್ತು. ಪ್ಯಾಂಕ್ರಿಯಾಸ್ ನಾಳದಲ್ಲಿ ತೆಳ್ಳಗಿನ ಪುಟ್ಟ ಪ್ಲಾಸ್ಟಿಕ್ ಕೊಳವೆ ಇಟ್ಟು ಬಂದ್ರೆ ನಾಳದ ಬಾಯಿ ಊದ್ಕೊಂಡ್ರೂ ರಸ ಹರಿದು ಹೋಗತ್ತೆ, ಹೆಚ್ಚು ಅಪಾಯದವರಲ್ಲಿ ಇದು ಕೆಲಸ ಮಾಡತ್ತೆ ಅನ್ನೋದು ಹಳೇ ವಿಷಯ. ಆದ್ರೆ ಇಡೋಕೆ ಕೈಚಳಕ ಬೇಕು, ಇಡೋಕೆ ಹೋಗಿ ಆಗದೇ ಇದ್ರೆ ಗ್ರಂಥಿಗೆ ಇನ್ನಷ್ಟು ಪೆಟ್ಟು. ಅಮೆರಿಕ ಮತ್ತೆ ಕೆನಡಾದ ಆಸ್ಪತ್ರೆಗಳು ಸೇರಿ ಹೆಚ್ಚು ಅಪಾಯದ 1,950 ಜನರಲ್ಲಿ ಇಂಡೋಮೆಥಾಸಿನ್ ಒಂದನ್ನೇ ಕೊಡೋದು, ಇಂಡೋಮೆಥಾಸಿನ್ ಜೊತೆ ಸ್ಟೆಂಟ್ ಇಡೋದು ಹೋಲಿಸಿ 2024ರಲ್ಲಿ ಪ್ರಕಟ ಮಾಡಿದ್ರು. ಔಷಧಿ ಒಂದೇ ಆದವರಲ್ಲಿ 14.9%, ಎರಡೂ ಆದವರಲ್ಲಿ 11.3%. ಔಷಧಿ ಒಂದೇ ಸಾಕು ಅಂತ ತೋರಿಸೋಕೆ ಹೊರಟ ಪ್ರಯೋಗ ಸಾಕಾಗಲ್ಲ ಅಂತ ತೋರಿಸ್ತು. ಔಷಧಿಯ ಪರ ಇಷ್ಟು ಹೊತ್ತು ಮಾತಾಡಿದ ನಾನೇ ಇದನ್ನೂ ಹೇಳ್ಬೇಕು, ವೈರ್ ಪದೇ ಪದೇ ಪ್ಯಾಂಕ್ರಿಯಾಸ್ ಕಡೆ ಹೋದವರಿಗೆ, ಹೆಚ್ಚು ಅಪಾಯದವರಿಗೆ ಸಪೋಸಿಟರಿ ಕೊಟ್ಟಾಗಿದೆ ಅಂತ ಸ್ಟೆಂಟ್ ಬಿಡಬಾರದು. ಇಟ್ಟ ಸ್ಟೆಂಟ್ ಹೆಚ್ಚಾಗಿ ತಾನೇ ಉದುರಿ ಮಲದಲ್ಲಿ ಹೋಗತ್ತೆ, ಐದರಿಂದ ಹತ್ತು ದಿನದೊಳಗೆ ಒಂದು ಎಕ್ಸ್‌ರೇ ತೆಗೆದು ಹೋಗಿದೆಯಾ ಅಂತ ನೋಡ್ಲೇಬೇಕು, ಇನ್ನೂ ಅಲ್ಲೇ ಇದ್ರೆ ಎಂಡೋಸ್ಕೋಪಿಯಿಂದ ತೆಗೀತಾರೆ. ಮನೆಗೆ ಹೋದವರು ಈ ಎಕ್ಸ್‌ರೇ ಮರೆತು ಬಿಡೋದುಂಟು, ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆಸ್ಕೊಳ್ಳಿ.

ಇಷ್ಟೆಲ್ಲಾ ಔಷಧಿ ಮಾತಿನ ಮಧ್ಯೆ ತಪ್ಪಿಹೋಗಬಾರದ ವಿಷಯ ಇನ್ನೊಂದು, ಬೇಡದ ಇಆರ್‌ಸಿಪಿ ಮಾಡಿಸ್ಕೊಳ್ಳದೇ ಇರೋದಕ್ಕಿಂತ ದೊಡ್ಡ ತಡೆ ಯಾವುದೂ ಇಲ್ಲ. ಪಿತ್ತನಾಳದಲ್ಲಿ ಕಲ್ಲಿದೆಯಾ ಇಲ್ವಾ ಅಂತ ನೋಡೋಕೆ ಎಂಆರ್‌ಸಿಪಿ ಸ್ಕ್ಯಾನ್ ಇದೆ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ, ಬರೀ ನೋಡೋಕೆ ಅಂತ ಇಆರ್‌ಸಿಪಿ ಮಾಡೋ ಕಾಲ ಹೋಯ್ತು. ಪಿತ್ತಕೋಶ ತೆಗೆಸಿದ ಮೇಲೂ ಹೊಟ್ಟೆನೋವು ಉಳಿದಿದೆ, ಸ್ಕ್ಯಾನ್ ರಕ್ತಪರೀಕ್ಷೆ ಎಲ್ಲಾ ಸರಿ ಇದೆ, ಅಂಥವರಿಗೆ ಸ್ನಾಯು ಕೊಯ್ದು ನೋಡೋಣ ಅಂತ ಮಾಡ್ತಿದ್ರು, 2014ರಲ್ಲಿ 214 ಜನರ ಪ್ರಯೋಗದಲ್ಲಿ ನಿಜವಾಗಿ ಕೊಯ್ದವರಲ್ಲಿ 23% ಜನಕ್ಕೆ ನೋವು ಸರಿಯಾಗಿ ಇಳೀತು, ಕೊಯ್ಯದೆ ಸುಮ್ನೆ ಕೊಯ್ದ ಹಾಗೆ ಮಾಡಿದ ಗುಂಪಲ್ಲಿ 37%. ಹೆಚ್ಚು ಅಪಾಯದ ಗುಂಪು ಅಂತ ಮೇಲೆ ಹೇಳಿದ್ನಲ್ಲ, ಅದ್ರಲ್ಲಿ ಬಹಳ ಜನ ಇಂಥವರೇ. ಅವರಿಗೆ ಯಾವ ಔಷಧಿನೂ ಬೇಡ, ಆ ಇಆರ್‌ಸಿಪಿನೇ ಬೇಡ.

ಬೇಕೇ ಬೇಕು ಅಂತ ಆದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಹೊತ್ತಲ್ಲಿ ನೇರವಾಗಿ ಕೇಳಿ, ಡಾಕ್ಟ್ರೇ, ಪ್ಯಾಂಕ್ರಿಯಾಟೈಟಿಸ್ ತಡೆಯೋಕೆ ಸಪೋಸಿಟರಿ ಕೊಡ್ತೀರಾ, ಮುಂಚೆನೇ ಕೊಡ್ತೀರಾ, ಕೊಡಲ್ಲ ಅಂದ್ರೆ ನನ್ನ ವಿಷಯದಲ್ಲಿ ಯಾಕೆ ಬೇಡ ಅಂತ. ಇದು ಅಧಿಕಪ್ರಸಂಗ ಅಲ್ಲ. ಗಡಿಬಿಡಿಯ ಪಟ್ಟಿಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನ ಒಳಗೆ ಕರ್ಕೊಳ್ಳೋವಾಗ ತಪ್ಪಿಹೋಗೋದು ಇಂಥಾ ಸಣ್ಣ ಕೆಲಸಗಳೇ, ನಮ್ಮಂಥವರು ಅರಿವಳಿಕೆ ಕೊಡೋ ಮುಂಚಿನ ಚೆಕ್‌ಲಿಸ್ಟ್‌ನಲ್ಲಿ ಅಲರ್ಜಿ ಪಕ್ಕದಲ್ಲೇ ಇದನ್ನೂ ಒಂದು ಸಾಲಾಗಿ ಸೇರಿಸ್ಬೇಕು ಅನ್ನೋದು ನನ್ನ ಹಠ. ಡಾಕ್ಟರ್ ಬರಲಿ ಆಮೇಲೆ ಕೇಳೋಣ ಅಂದ್ರೆ ಡಾಕ್ಟರ್ ಬರೋಷ್ಟೊತ್ತಿಗೆ ರೋಗಿ ನಿದ್ದೆಗೆ ಜಾರಿರ್ತಾರೆ.

ಮುಗಿದ ಮೇಲೆ ಏನು ನೋಡ್ಕೊಳ್ಬೇಕು ಅಂದ್ರೆ, ಗಾಳಿ ತುಂಬಿದ ಹಾಗೆ ಹೊಟ್ಟೆ ಉಬ್ಬರ, ಗಂಟಲು ಕೆರೆತ ಸ್ವಲ್ಪ ಹೊತ್ತು ಇರತ್ತೆ, ಅದು ಮಾಮೂಲಿ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹಾಯೋ ನೋವು, ಹೊತ್ತು ಹೋದ ಹಾಗೆ ಏರ್ತಾನೇ ಹೋಗೋ ನೋವು, ಜೊತೆಗೆ ವಾಂತಿ, ಇದು ಮಾಮೂಲಿ ಅಲ್ಲ. ಅಮೈಲೇಸ್ (ರಕ್ತದಲ್ಲಿ ಅಳೆಯೋ ಪ್ಯಾಂಕ್ರಿಯಾಸ್ ಕಿಣ್ವ) ಒಂದೇ ಏರಿದೆ, ನೋವಿಲ್ಲ ಅಂದ್ರೆ ಅದು ಪ್ಯಾಂಕ್ರಿಯಾಟೈಟಿಸ್ ಅಲ್ಲ, ಇಆರ್‌ಸಿಪಿ ಆದ ಎಷ್ಟೋ ಜನಕ್ಕೆ ಹಾಗೆ ಏರಿ ಇಳಿಯತ್ತೆ, ರಿಪೋರ್ಟ್ ನೋಡಿ ಗಾಬರಿ ಬೀಳ್ಬೇಡಿ. 1991ರಿಂದ ಬಳಸ್ತಿರೋ ಲೆಕ್ಕದ ಪ್ರಕಾರ ಹೊಸದಾಗಿ ಬಂದ ಅಥವಾ ಜಾಸ್ತಿಯಾದ ಹೊಟ್ಟೆನೋವು ಇರ್ಬೇಕು, 24 ಗಂಟೆ ಆದ್ಮೇಲೂ ಅಮೈಲೇಸ್ ಮಾಮೂಲಿಗಿಂತ ಮೂರು ಪಟ್ಟು ಇರ್ಬೇಕು, ಆಸ್ಪತ್ರೆಯಲ್ಲಿ ಉಳಿಯೋ ಹಾಗಿರ್ಬೇಕು. ಅದೇ ದಿನ ಮನೆಗೆ ಕಳಿಸ್ತಾರೆ ಅನ್ನೋದಾದ್ರೆ, ನೋವು ಇದ್ರಂತೂ ಖಂಡಿತ, ಎರಡರಿಂದ ಆರು ಗಂಟೆಯೊಳಗೆ ಅಮೈಲೇಸ್, ಲೈಪೇಸ್ ಮಾಡಿಸಿ ನೋಡಬಹುದು, ಅಮೈಲೇಸ್ ಮಾಮೂಲಿಯ ಒಂದೂವರೆ ಪಟ್ಟಿಗಿಂತ, ಲೈಪೇಸ್ ನಾಲ್ಕು ಪಟ್ಟಿಗಿಂತ ಕಮ್ಮಿ ಇದ್ರೆ ಧೈರ್ಯವಾಗಿ ಕಳಿಸಬಹುದು ಅಂತ ಇಎಸ್‌ಜಿಇ ಹೇಳತ್ತೆ. ಮನೆಗೆ ಹೋದ ರಾತ್ರಿ ಆ ತರದ ನೋವು ಶುರುವಾದ್ರೆ ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಿ ಬೆಳಗಿನ ತನಕ ಕಾಯ್ಬೇಡಿ, ಬಾಯಿಗೆ ಏನೂ ಹಾಕ್ಕೊಳ್ದೆ ಸೀದಾ ಎಮರ್ಜೆನ್ಸಿಗೆ ಹೋಗಿ, ಇಆರ್‌ಸಿಪಿ ಆಗಿದೆ, ಯಾವತ್ತು ಆಗಿದೆ, ಸಪೋಸಿಟರಿ ಕೊಟ್ಟಿದ್ರಾ, ಸ್ಟೆಂಟ್ ಇಟ್ಟಿದ್ದಾರಾ, ಇಷ್ಟನ್ನೂ ಅಲ್ಲಿರೋ ಡಾಕ್ಟರ್‌ಗೆ ಮೊದಲನೇ ಮಾತಲ್ಲೇ ಹೇಳಿ.